ನಾರ್ಮಲ್ ರಿಪೋರ್ಟ್ ನಂಬಿ ಕೂತಿದ್ದೆ

ಮಗುವಿಗೆ ಆಗ ಮೂರು ತಿಂಗಳು. ಮಲಗಿದ್ದಾಗ ಉಗುರು ಕತ್ತರಿಸೋಣ ಅಂತ ಕೂತೆ. ನೇಲ್ ಕಟರ್ ಹಿಡಿದ ಬೆರಳು ನಡುಗುತ್ತಿತ್ತು. ಎಡಗೈಯಿಂದ ಬಲಗೈ ಮಣಿಕಟ್ಟು ಒತ್ತಿ ಹಿಡಿದೆ, ಆದರೂ ನಿಲ್ಲಲಿಲ್ಲ. ಎಲ್ಲಿ ಚರ್ಮಕ್ಕೆ ತಾಗುತ್ತೋ ಅಂತ ಹೆದರಿ ಕಟರ್ ಪಕ್ಕಕ್ಕಿಟ್ಟೆ. ಸುಮ್ನೆ ಕೂತರೂ ಎದೆ ಢವಢವ. ಮಗು ಮಲಗಿದರೂ ನನಗೆ ನಿದ್ದೆಯಿಲ್ಲ. ತೂಕ ಇಳಿಯುತ್ತಿತ್ತು, ಅದಕ್ಕೆ ಖುಷಿ ಬೇರೆ!

'ಬಾಣಂತಿ ಅಂದ್ಮೇಲೆ ಇದೆಲ್ಲ ಇದ್ದಿದ್ದೇ ಕಣೇ' ಅಂದರು ಅಮ್ಮ. ನಾನೂ ಹೂಂ ಅಂದೆ. ಬಸುರಿಯಾಗಿದ್ದಾಗ ಥೈರಾಯ್ಡ್ ಟೆಸ್ಟ್ ಆಗಿತ್ತು, ನಾರ್ಮಲ್ ಬಂದಿತ್ತು. ಮತ್ತೆ ಯಾಕೆ ಯೋಚನೆ ಅಲ್ವಾ?

ಏಳನೇ ತಿಂಗಳಿಗೆ ಎಲ್ಲ ಉಲ್ಟಾ. ಮನೆಯವರೆಲ್ಲ ಫ್ಯಾನ್ ಹಾಕಿಕೊಂಡಿದ್ದರೆ ನಾನು ಸ್ವೆಟರ್ ಹುಡುಕುತ್ತಿದ್ದೆ. ಮಲಬದ್ಧತೆ, ಮುಖದಲ್ಲಿ ಊತ, ಮಾತಿನ ಮಧ್ಯೆ ಪದವೇ ಮರೆತುಹೋಗುವುದು. ಕೂದಲಂತೂ ಬಾಚಣಿಗೆ ತುಂಬ. (ಹೆರಿಗೆಯಾದ ಮೇಲೆ ಕೂದಲು ತುಂಬಾ ಜನಕ್ಕೆ ಉದುರುತ್ತೆ. ಅದೊಂದೇ ಇದ್ದರೆ ಥೈರಾಯ್ಡ್ ಅಂತ ಗಾಬರಿ ಬೇಡ.) ಕೊನೆಗೆ ರಕ್ತ ಕೊಟ್ಟಾಗ ಟಿಎಸ್‌ಎಚ್ ಮೇಲೇರಿ ಕೂತಿತ್ತು, ಅಂದರೆ ಥೈರಾಯ್ಡ್ ಹಾರ್ಮೋನ್ ಕಡಿಮೆಯಾಗಿತ್ತು.

ಹೆರಿಗೆಯಾದ ಒಂದು ವರ್ಷದೊಳಗೆ ನೂರರಲ್ಲಿ ಸುಮಾರು 5 ತಾಯಂದಿರಿಗೆ ಹೀಗಾಗುತ್ತೆ. ಇದಕ್ಕೆ ಪೋಸ್ಟ್‌ಪಾರ್ಟಮ್ ಥೈರಾಯ್ಡೈಟಿಸ್ (ಹೆರಿಗೆ ನಂತರದ ಥೈರಾಯ್ಡ್ ಉರಿಯೂತ) ಅಂತಾರೆ. ಬಸುರಿಯಲ್ಲಿ ತಣ್ಣಗಿದ್ದ ರೋಗನಿರೋಧಕ ಶಕ್ತಿ ಹೆರಿಗೆಯ ನಂತರ ಮತ್ತೆ ಚುರುಕಾಗುತ್ತೆ. ಕೆಲವರಲ್ಲಿ ಅದು ಕುತ್ತಿಗೆಯಲ್ಲಿರುವ ಸ್ವಂತ ಥೈರಾಯ್ಡ್ ಗ್ರಂಥಿಯ ಮೇಲೇ ಬೀಳುತ್ತೆ. ನೀರಿನ ಟ್ಯಾಂಕ್ ಬಿರುಕು ಬಿಟ್ಟ ಹಾಗೆ: ಮೊದಲು ತುಂಬಿಟ್ಟಿದ್ದ ಹಾರ್ಮೋನ್ ಸೋರಿ ಮೈಯೆಲ್ಲ ಜಾಸ್ತಿ, ಆಮೇಲೆ ನಲ್ಲಿಯಲ್ಲಿ ಹನಿಯೂ ಇಲ್ಲ. ಕುತ್ತಿಗೆ ನೋಯುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನವೂ ಬರುವುದಿಲ್ಲ. ಎಲ್ಲರಿಗೂ ಎರಡೂ ಹಂತ ಬರಲೇಬೇಕು ಅಂತಿಲ್ಲ. ಕೆಲವರಿಗೆ ಬರೀ ಜಾಸ್ತಿ, ಕೆಲವರಿಗೆ ಬರೀ ಕಡಿಮೆ.

ಸೋರುವ ಹಂತದಲ್ಲಿ ಹಾರ್ಮೋನ್ ತಯಾರಿಕೆ ತಡೆಯುವ ಮಾತ್ರೆಯಿಂದ ಉಪಯೋಗವಿಲ್ಲ, ಎದೆಬಡಿತ ತಗ್ಗಿಸುವ ಮಾತ್ರೆ ಸಾಕಾಗುತ್ತೆ. ಆದರೆ ಇದೇ ಸಮಯದಲ್ಲಿ ಗ್ರೇವ್ಸ್ ಕಾಯಿಲೆಯೂ (ಥೈರಾಯ್ಡ್ ತಾನೇ ಹಾರ್ಮೋನ್ ಜಾಸ್ತಿ ತಯಾರಿಸುವ ಕಾಯಿಲೆ) ಶುರುವಾಗಬಹುದು. ಅದರ ಚಿಕಿತ್ಸೆಯೇ ಬೇರೆ. ಗೂಗಲ್ ನೋಡಿ ತೀರ್ಮಾನ ಮಾಡುವ ವಿಷಯವಲ್ಲ ಇದು.

ನನಗೆ ಲೆವೊಥೈರಾಕ್ಸಿನ್ ಕೊಟ್ಟರು, ಕಡಿಮೆಯಾದ ಥೈರಾಯ್ಡ್ ಹಾರ್ಮೋನ್ ತುಂಬುವ ಮಾತ್ರೆ. ಎದೆಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದು. ಖಾಲಿ ಹೊಟ್ಟೆಗೆ ನುಂಗಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರ ಇರಬೇಕು. ಇದು ಗೊತ್ತಿಲ್ಲದೆ ನಾನು ಮೂರನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಚೀಟಿ ಬರೆದವರೂ ಹೇಳಲಿಲ್ಲ, ಕೊಟ್ಟವರೂ ಹೇಳಲಿಲ್ಲ.

ನನ್ನ ಸಿಟ್ಟು ಇರುವುದು 'ಇದ್ದಿದ್ದೇ' ಅನ್ನುವ ಮಾತಿನ ಮೇಲೆ. ಸುಸ್ತು, ಅಳು, ಮಂಕು ಎಲ್ಲ ಅದರಲ್ಲೇ ಮುಚ್ಚಿಹೋಗುತ್ತೆ. ಹೆರಿಗೆ ನಂತರದ ಖಿನ್ನತೆಯೂ ನಿಜ, ಅದಕ್ಕೂ ಚಿಕಿತ್ಸೆ ಬೇಕು. ಆದರೆ ಜೊತೆಗೆ ಒಂದು ಟಿಎಸ್‌ಎಚ್ ನೋಡಿ ಅಂತ ಕೇಳಲು ಸಂಕೋಚ ಬೇಡ. ರಕ್ತದಲ್ಲಿ ಟಿಪಿಒ ಆಂಟಿಬಾಡಿ (ಸ್ವಂತ ಥೈರಾಯ್ಡ್ ವಿರುದ್ಧವೇ ದೇಹ ಮಾಡುವ ಪ್ರತಿಕಾಯ) ಇರುವವರು, ಟೈಪ್ 1 ಡಯಾಬಿಟಿಸ್ ಇರುವವರು ಹೆರಿಗೆಯಾಗಿ 3ನೇ ಮತ್ತು 6ನೇ ತಿಂಗಳಲ್ಲಿ ಕೇಳಿಯೇ ಮಾಡಿಸಿಕೊಳ್ಳಿ. ಮೂರನೇ ತಿಂಗಳ ರಿಪೋರ್ಟ್ ಆರನೇ ತಿಂಗಳಿಗೆ ಲೆಕ್ಕಕ್ಕೆ ಬರುವುದಿಲ್ಲ.

ವರ್ಷ ಕಳೆದ ಮೇಲೆ ಡಾಕ್ಟರ್ ನನ್ನ ಡೋಸ್ ಇಳಿಸುತ್ತಾ ಬಂದು ಮಾತ್ರೆ ನಿಲ್ಲಿಸಿದರು. ಹೆಚ್ಚಿನವರಿಗೆ ಹೀಗೇ ಸರಿಹೋಗುತ್ತೆ, ಕೆಲವರಿಗೆ ಮಾತ್ರೆ ಜೀವನಪೂರ್ತಿ. ಸರಿಹೋದರೂ ಮುಂದಿನ ಹೆರಿಗೆಯಲ್ಲಿ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಮೊನ್ನೆ ಎರಡನೇ ಮಗುವಿನ ಮಾತು ಬಂದಾಗ ಮೊದಲು ಕಪಾಟಿನಿಂದ ಆ ಹಳೆ ಫೈಲ್ ತೆಗೆದೆ.