ಡಬ್ಬಕ್ಕೆ ದುಡ್ಡು, ಆಟಕ್ಕೆ ಡೌನ್‌ಲೋಡು

ವಿಡಿಯೊ ಗೇಮ್ ಅಂಗಡಿಯಲ್ಲಿ ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವವರು ಇನ್ನೂ ಇದ್ದಾರೆ. ತೆಂಗಿನಕಾಯಿಯ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಾರದು. ಡಿಸ್ಕ್ ಇದ್ದರೆ ಅದು ನಡುವಿನ ಹಲ್ಲುಗಳಿಗೆ ಕಚ್ಚಿಕೊಂಡು ಸುಮ್ಮನಿರುತ್ತದೆ. ಡಿಸ್ಕ್ ಇಲ್ಲದಿದ್ದರೂ ಡಬ್ಬ ಸುಮ್ಮನಿರುತ್ತದೆ. ಕಟಕಟ ಸದ್ದು ಬಂದರೆ ಮಾತ್ರ ಒಳಗೆ ಡಿಸ್ಕ್ ಇದೆ ಅನ್ನುವುದು ಖಾತ್ರಿ. ಅದು ಕಳಚಿಕೊಂಡು ಮೈತುಂಬ ಗೀರು ಮಾಡಿಕೊಳ್ಳುತ್ತಿದೆ ಅನ್ನುವುದೂ ಅಷ್ಟೇ ಖಾತ್ರಿ.

ನೋಡಬೇಕಾದ್ದು ಮುಖಪುಟದ ಕೆಳತುದಿಯನ್ನು. ಮೇಲೆ ಕತ್ತಿ ಹಿಡಿದ ವೀರ, ಹಿಂದೆ ಉರಿಯುವ ಊರು, ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಇಂಟರ್‌ನೆಟ್ ಬೇಕು, ಡೌನ್‌ಲೋಡ್ ಬೇಕು, ಖಾತೆ ಬೇಕು’ ಎಂಬ ಷರತ್ತು. ವೀರನನ್ನು ಎಲ್ಲರೂ ನೋಡುತ್ತಾರೆ. ಷರತ್ತನ್ನು ಓದುವವನು ಡಬ್ಬ ವಾಪಸ್ ತಂದವನು ಮಾತ್ರ, ಅದೂ ಅಂಗಡಿಯವನು ಬೆರಳಿಟ್ಟು ತೋರಿಸಿದ ಮೇಲೆ.

ಒಳಗೆ ಏನಿರುತ್ತದೆ ಎಂಬುದಕ್ಕೆ ದಾಖಲೆಗಳಿವೆ. ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ 5, ಅಂದರೆ ಪಿಎಸ್5ರ ಡಿಸ್ಕ್ 100 ಜಿಬಿವರೆಗೂ ಹಿಡಿಯಬಲ್ಲದು. 2022ರಲ್ಲಿ ಬಂದ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ರ ಪಿಎಸ್5 ಡಿಸ್ಕ್‌ನಲ್ಲಿ ಇದ್ದದ್ದು ಸುಮಾರು 70 ಎಂಬಿ. ಸೋದರಮಾವ ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಗೃಹಪ್ರವೇಶದ ವಿಡಿಯೊಗಳನ್ನು ಕೂಡಿಸಿದರೆ ಅದಕ್ಕಿಂತ ಹೆಚ್ಚಾಗುತ್ತದೆ. ಉಳಿದ ಆಟವೆಲ್ಲ ಇಂಟರ್‌ನೆಟ್‌ನಿಂದ ಇಳಿಯಬೇಕು. 2018ರ ‘ಫಾಲ್‌ಔಟ್ 76’ ಇನ್ನೂ ಒಂದು ಹೆಜ್ಜೆ ಮುಂದೆ: ಅದರ ಪಿಸಿ ಡಬ್ಬ ತೆರೆದವರಿಗೆ ಡಿಸ್ಕ್ ಆಕಾರದಲ್ಲೇ ದುಂಡಗೆ ಕತ್ತರಿಸಿದ ರಟ್ಟು ಸಿಕ್ಕಿತು, ಅದರ ಮೇಲೊಂದು ಡೌನ್‌ಲೋಡ್ ಕೋಡ್. ರಟ್ಟನ್ನು ಚೌಕವಾಗಿಯೂ ಕತ್ತರಿಸಬಹುದಿತ್ತು, ಖರ್ಚೂ ಕಮ್ಮಿ. ಆದರೂ ದುಂಡಗೆ ಕತ್ತರಿಸಿದರಲ್ಲ, ಗಿರಾಕಿಯ ಭಾವನೆಗೆ ಕೊಟ್ಟ ಮರ್ಯಾದೆ ಅದು.

ನಿಂಟೆಂಡೊ ಈ ಕಲೆಗೆ ಹೆಸರನ್ನೇ ಇಟ್ಟುಬಿಟ್ಟಿದೆ. 2025ರ ಜೂನ್‌ನಲ್ಲಿ ಬಂದ ಅದರ ಆಟದ ಯಂತ್ರ ಸ್ವಿಚ್ 2ಕ್ಕೆ ‘ಗೇಮ್-ಕೀ ಕಾರ್ಡ್’ ಎಂಬ ಹೊಸ ಪದಾರ್ಥವಿದೆ. ಕಾರ್ಡ್ ಇದೆ, ಕಾರ್ಡ್‌ನಲ್ಲಿ ಆಟ ಇಲ್ಲ. ಕಾರ್ಡ್ ಹಾಕಬೇಕು, ಮೊದಲ ಸಲ ನೆಟ್‌ಗೆ ಜೋಡಿಸಬೇಕು, ಇಡೀ ಆಟವನ್ನು ಇಳಿಸಿಕೊಳ್ಳಬೇಕು. ಅಷ್ಟಾದ ಮೇಲೆ ಕಾರ್ಡ್ ಎತ್ತಿಡಬಹುದೇ? ಇಲ್ಲ, ಆಡುವಾಗಲೆಲ್ಲ ಅದು ಸ್ಲಾಟ್‌ನಲ್ಲೇ ಇರಬೇಕು. ಡೌನ್‌ಲೋಡ್‌ಗೆ ಕಾಯುವ ಕಷ್ಟವೂ ನಮ್ಮದೇ, ಸೋಫಾ ಸಂದಿಯಲ್ಲಿ ಕಾರ್ಡ್ ಹುಡುಕುವ ಕಷ್ಟವೂ ನಮ್ಮದೇ. ಯಂತ್ರದ ಒಳಗಿನ 256 ಜಿಬಿ ಜಾಗದಲ್ಲಿ ನಾಲ್ಕಾರು ದೊಡ್ಡ ಆಟ ಇಳಿಸಿದರೆ ಮುಂದಿನದಕ್ಕೆ ಮೆಮೊರಿ ಕಾರ್ಡ್ ಕೊಳ್ಳಲು ಮತ್ತೆ ಅದೇ ಅಂಗಡಿ. ದೊಡ್ಡ ಮೆಮೊರಿಯ ಕಾರ್ಡ್ ತಯಾರಿಸಿದರೆ ಖರ್ಚು ಕಂಪನಿಗೆ, ಬೀಗದಕೈ ಮಾತ್ರ ಮಾರಿದರೆ ಖರ್ಚು ನಮಗೆ. ಇದರಾಚೆ ಹೆಚ್ಚಿನ ತಾಂತ್ರಿಕ ರಹಸ್ಯವೇನಿಲ್ಲ. ಒಂದು ಒಳ್ಳೆಯ ಮಾತನ್ನೂ ಹೇಳಿಬಿಡೋಣ: ಈ ಕಾರ್ಡನ್ನು ಮುಗಿಸಿದ ಮೇಲೆ ಮಾರಬಹುದು, ತಮ್ಮನಿಗೆ ಕೊಡಬಹುದು. ಬರೀ ಕೋಡ್ ಇರುವ ಡಬ್ಬಕ್ಕೆ ಆ ಯೋಗವೂ ಇಲ್ಲ. (ಸ್ವಿಚ್ ಕಾರ್ಡ್‌ಗಳನ್ನು ಮಕ್ಕಳು ನುಂಗದಿರಲೆಂದು ಡೆನಟೋನಿಯಂ ಬೆಂಜೊಯೇಟ್ ಎಂಬ ಕಡುಕಹಿ ಬಳಿದಿರುತ್ತಾರೆ. ದೊಡ್ಡವರು ಬಿಲ್ ನೋಡಿದರೆ ಸಾಕು.)

ಹೋಗಲಿ, ಡೌನ್‌ಲೋಡ್‌ನ ಲೆಕ್ಕ ನೋಡಿ. 100 ಜಿಬಿ ಆಟ, ಮನೆಯಲ್ಲಿ 100 ಎಂಬಿಪಿಎಸ್ ಲೈನ್. ಒಂದು ಕ್ಷಣವೂ ತಡೆಯಿಲ್ಲದೆ ಬಂದರೆ 2 ಗಂಟೆ 13 ನಿಮಿಷ. 40ರ ಲೈನಾದರೆ ಐದೂವರೆ ಗಂಟೆ. ನಡುವೆ ಕರೆಂಟ್ ಹೋಗುವುದು, ಪಕ್ಕದ ರೂಮಿನವರು ಧಾರಾವಾಹಿ ಹಾಕುವುದು ಈ ಲೆಕ್ಕದಲ್ಲಿಲ್ಲ. ಇಷ್ಟು ಹೊತ್ತು ಕಾಯಲಿಕ್ಕೆ ಶನಿವಾರ ಸಂಜೆಯ ಟ್ರಾಫಿಕ್‌ನಲ್ಲಿ ಮಾಲ್‌ಗೆ ಹೋಗಿ, ಪಾರ್ಕಿಂಗ್‌ಗೆ ದುಡ್ಡು ಕೊಟ್ಟು, ಕ್ಯೂ ನಿಂತು ಬರಬೇಕಾಯಿತು. ಮನೆಯಲ್ಲೇ ಕುಳಿತು ಡೌನ್‌ಲೋಡ್ ಮಾಡುವವನನ್ನು ಕಂಡರೆ ಡಬ್ಬ ತಂದವರಿಗೆ ಕನಿಕರ ಬೇರೆ: ‘ಅವನಿಗೆ ಡಬ್ಬ ಸಿಗಲ್ಲ, ಪಾಪ.’

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ನಮ್ಮ ಜನರಿಗೆ ಪ್ರೀ-ಆರ್ಡರ್ ಕಲಿಸಬೇಕಾಗಿಲ್ಲ. ಕ್ಯಾಸೆಟ್ ಕಾಲದಲ್ಲಿ ಅದಕ್ಕೊಂದು ಅರ್ಥವಿತ್ತು, ಸ್ಟಾಕ್ ನಿಜವಾಗಿಯೂ ಮುಗಿಯುತ್ತಿತ್ತು. ಸರ್ವರ್‌ನಲ್ಲಿರುವ ಫೈಲ್ ಮುಗಿದುಹೋದ ಉದಾಹರಣೆ ಇಲ್ಲ. ಆದರೂ ಬಿಡುಗಡೆಗೆ ಮೂರು ತಿಂಗಳ ಮೊದಲೇ ದುಡ್ಡು ಕಟ್ಟಿದರೆ ನಾಯಕನ ಕುದುರೆಗೆ ಕೆಂಪು ಜೀನು ಸಿಗುತ್ತದಂತೆ. ಇಷ್ಟು ಮುಂಚೆ ಕಾದಿರಿಸಿ ಮೊದಲ ದಿನವೇ ತಂದ ಡಿಸ್ಕ್ ಹಳಸಲು ಎಂಬುದು ತಮಾಷೆಯ ಭಾಗ. ಡಿಸ್ಕ್ ಅಚ್ಚು ಹಾಕಿ, ಡಬ್ಬಕ್ಕೆ ತುಂಬಿ, ಹಡಗು-ಲಾರಿ ಹತ್ತಿಸಲು ವಾರಗಟ್ಟಲೆ ಬೇಕು. ಅಷ್ಟೂ ದಿನ ಅತ್ತ ಕಂಪನಿಯಲ್ಲಿ ದೋಷ ತಿದ್ದುವ ಕೆಲಸ ನಡೆದೇ ಇರುತ್ತದೆ. ಹಾಗಾಗಿ ಡಿಸ್ಕ್ ಹಾಕಿದ ಕೂಡಲೇ ‘ಅಪ್‌ಡೇಟ್ ಬೇಕು’ ಅನ್ನುತ್ತದೆ ಯಂತ್ರ. 2020ರ ಡಿಸೆಂಬರ್ 10ರಂದು ‘ಸೈಬರ್‌ಪಂಕ್ 2077’ ಬಂತು. ಹಳೆಯ ಪಿಎಸ್4ಗಳಲ್ಲಿ ಅದು ಎಷ್ಟು ಚೆನ್ನಾಗಿ ಓಡಿತೆಂದರೆ ಒಂದೇ ವಾರದಲ್ಲಿ, 17ರಂದು, ಸೋನಿ ತನ್ನ ಡಿಜಿಟಲ್ ಮಳಿಗೆಯಿಂದಲೇ ಅದನ್ನು ಕಿತ್ತು ಹಾಕಿ ಹಣ ಹಿಂತಿರುಗಿಸಲು ನಿಂತಿತು. ಮರಳಿ ಮಳಿಗೆಗೆ ಬಂದದ್ದು ಮುಂದಿನ ಜೂನ್‌ನಲ್ಲಿ. ಕಾದವರಿಗೆ ರಿಪೇರಿಯಾದ ಆಟ ಕಮ್ಮಿ ಬೆಲೆಗೆ ಸಿಕ್ಕಿತು. ಮೊದಲು ಕೊಂಡವರಿಗೆ ಮೊದಲು ಕೊಂಡ ಕೀರ್ತಿ ಸಿಕ್ಕಿತು.

ಅಪ್ಪಂದಿರ ಖರೀದಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಬ್ಬದ ಮೂಲೆಯಲ್ಲಿ ಕೆಂಪಗೆ 18 ಅಂತ ಇರುತ್ತದೆ. ಅಪ್ಪ ಕೇಳುತ್ತಾರೆ: ‘ಇದೇನೋ ಹದಿನೆಂಟು?’ ಹನ್ನೊಂದರ ಮಗ: ‘ಹದಿನೆಂಟು ಲೆವೆಲ್ ಇದೆ ಅಪ್ಪಾ, ಕಾರಿನ ಆಟ.’ ಬಿಲ್ ಆಗುತ್ತದೆ.

ಸೆಕೆಂಡ್ ಹ್ಯಾಂಡ್ ಕೌಂಟರ್‌ಗೆ ಬನ್ನಿ, ನಿಜವಾದ ವಿದ್ವತ್ತು ಇರುವುದು ಅಲ್ಲಿ. ಅಲ್ಲಿನ ಗಿರಾಕಿ ಡಿಸ್ಕನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು, ಒಂದು ಕಣ್ಣು ಮುಚ್ಚಿ, ವಜ್ರದ ವ್ಯಾಪಾರಿಯ ಗತ್ತಿನಲ್ಲಿ ತಿರುಗಿಸುತ್ತಾನೆ. ಕೂದಲೆಳೆಯ ಗೀರೊಂದು ಕಂಡರೆ 300 ರೂಪಾಯಿ ಇಳಿಸು ಅನ್ನುತ್ತಾನೆ. ಅದು ಏನೂ ಆಗದ ಗೀರು. ಪಿಎಸ್4, ಪಿಎಸ್5 ಆಟಗಳು ಬರುವ ಬ್ಲೂ-ರೇ ಡಿಸ್ಕ್ ಮೇಲೆ ಗಟ್ಟಿ ಲೇಪ ಇರುತ್ತದೆ, ಕೈತಾಗಿದ ಸಣ್ಣಪುಟ್ಟ ಗೆರೆಗಳನ್ನು ಅದು ಲೆಕ್ಕಕ್ಕಿಡುವುದಿಲ್ಲ. ನೋಡಬೇಕಾದ್ದು ಬೇರೆ ಮೂರಿವೆ. ಉಗುರನ್ನು ಅಡ್ಡ ಎಳೆದರೆ ಸಿಕ್ಕಿಹಾಕಿಕೊಳ್ಳುವಷ್ಟು ಆಳದ ಗೀರು. ಡಿಸ್ಕ್ ತಿರುಗುವ ದಿಕ್ಕಿನಲ್ಲೇ ದುಂಡಗೆ ಸುತ್ತಿದ ಗೀರು. ಓಡುತ್ತಿರುವ ಯಂತ್ರವನ್ನು ಯಾರೋ ಎತ್ತಿ ಮಲಗಿಸಿದ್ದಾರೆ ಎಂದರ್ಥ, ಮೈಕ್ರೊಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಇದಕ್ಕೆ ಹೆಸರುವಾಸಿಯಾಗಿತ್ತು. ಮೂರನೆಯದು ನಡುವಿನ ತೂತಿನ ಅಂಚಿನಲ್ಲಿ ಕೂದಲಿನಂಥ ಬಿರುಕು. ಡಬ್ಬದ ಗುಂಡಿ ಒತ್ತದೆ ಅಂಚು ಹಿಡಿದು ಕಿತ್ತವರ ಕೊಡುಗೆ. ವೇಗವಾಗಿ ತಿರುಗಿದಷ್ಟೂ ಅದು ಬೆಳೆಯುತ್ತದೆ. ಈ ಮೂರನ್ನು ಬಿಟ್ಟು ಗಿರಾಕಿ ನೋಡುವುದು ಹಿಂದಿನವನ ಬೆರಳಚ್ಚು.

‘ಗೀರಿದ್ರೆ ಏನಂತೆ, ಪೇಸ್ಟ್ ಹಚ್ಚಿ ಉಜ್ಜಿದ್ರೆ ಹೋಗುತ್ತೆ’ ಎಂಬ ಮನೆಮದ್ದಿನವರೂ ಇರುತ್ತಾರೆ. ಅವರ ಶಾಸ್ತ್ರ ಪಿಎಸ್1, ಪಿಎಸ್2 ಕಾಲದ್ದು. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಮೇಲುಗಡೆ ಲೇಬಲ್‌ನ ಹತ್ತಿರ, ಡಿವಿಡಿಯಲ್ಲಿ 0.6 ಮಿ.ಮೀ. ಆಳದಲ್ಲಿ, ನಟ್ಟನಡುವೆ. ಅಲ್ಲಿ ಮೇಲ್ಮೈ ಉಜ್ಜಿದರೆ ಉಳಿಯಲು ಪ್ಲಾಸ್ಟಿಕ್ ಇತ್ತು. ಬ್ಲೂ-ರೇಯಲ್ಲಿ ಆ ಪದರ 0.1 ಮಿ.ಮೀ. ಕೆಳಗೇ ಇದೆ. ಉಜ್ಜಿದರೆ ಮೊದಲು ಲೇಪ ಹೋಗುತ್ತದೆ, ಆಮೇಲೆ ಆಟ ಹೋಗುತ್ತದೆ. ಪುದೀನ ವಾಸನೆ ಉಳಿಯುತ್ತದೆ.

ಅಂಗಡಿಯಲ್ಲೇ ಹಾಕಿ ತೋರಿಸಿ ಎಂದು ಪಟ್ಟು ಹಿಡಿಯುವವರು ಜಾಣರು, ಆದರೆ ಅರ್ಧ ಜಾಣರು. ಪರದೆಯ ಮೇಲೆ ಕಂಪನಿಯ ಹೆಸರು ಮೂಡಿದ ಕೂಡಲೇ ‘ಆಯ್ತು, ಪ್ಯಾಕ್ ಮಾಡಿ’ ಅನ್ನುತ್ತಾರೆ. ಪಿಎಸ್4, ಪಿಎಸ್5ಗಳಲ್ಲಿ ಡಿಸ್ಕ್‌ನಿಂದ ಆಟ ನೇರವಾಗಿ ಓಡುವುದಿಲ್ಲ. ಎಲ್ಲವೂ ಒಳಗಿನ ಡ್ರೈವ್‌ಗೆ ನಕಲಾಗುತ್ತದೆ, ಮೊದಲ ಭಾಗ ನಕಲಾದರೆ ಸಾಕು, ಎಷ್ಟೋ ಆಟಗಳ ಮೆನು ಬಂದುಬಿಡುತ್ತದೆ. ಡಿಸ್ಕ್ ಕೆಟ್ಟಿದ್ದರೆ ನಕಲು ಎಲ್ಲೋ ಶೇಕಡಾ 60, 70ರ ಆಸುಪಾಸಿನಲ್ಲಿ ನಿಂತು ದೋಷ ತೋರಿಸುವುದು ಆಮೇಲೆ, ಮನೆಯಲ್ಲಿ. ಪೂರ್ತಿ ನಕಲಾಗುವವರೆಗೆ ಕೌಂಟರ್‌ನಲ್ಲಿ ನಿಂತು ನೋಡುತ್ತೇನೆ ಎಂದರೆ ಅಂಗಡಿಯವನು ಸ್ಟೂಲ್ ಕೊಡುವುದಿಲ್ಲ. ನಕಲಾದ ಮೇಲೆ ಡಿಸ್ಕ್‌ಗೆ ಉಳಿಯುವ ಕೆಲಸ ಒಂದೇ, ಯಜಮಾನ ನೀವೇ ಎಂದು ಸಾಕ್ಷಿ ಹೇಳುವುದು.

ಕಮ್ಮಿಗೆ ಸಿಕ್ಕಿತೆಂದು ಎತ್ತಿಕೊಳ್ಳುವವರಿಗೆ ಇನ್ನೊಂದು ಕಟ್ಟಳೆ.

‘ಅಣ್ಣ, ಇದ್ಯಾಕೆ ಐನೂರು ಕಮ್ಮಿ?’

‘ಅಮೆರಿಕಾ ಪೀಸ್ ಬಾಸ್. ಗೇಮ್ ಓಡುತ್ತೆ. ಡಿಎಲ್‌ಸಿ ಕೇಳ್ಬೇಡಿ.’

ಇದು ನಿಜ. ಡಿಸ್ಕ್‌ಗೆ ದೇಶದ ಹಂಗಿಲ್ಲ, ಡಿಎಲ್‌ಸಿಗೆ, ಅಂದರೆ ಆಮೇಲೆ ಕೊಂಡು ಇಳಿಸಿಕೊಳ್ಳುವ ಹೆಚ್ಚುವರಿ ಭಾಗಗಳಿಗಿದೆ. ಭಾರತದ ಖಾತೆಯಿಂದ ಕೊಂಡ ಡಿಎಲ್‌ಸಿ ಅಮೆರಿಕದ ಡಿಸ್ಕ್ ಜತೆ ಮಾತಾಡುವುದಿಲ್ಲ. ಐನೂರು ಉಳಿಸಿದವನು ಸಾವಿರದ ಡಿಎಲ್‌ಸಿ ಕೊಂಡು, ಅದು ಕೂಡದೆ, ಅಂಗಡಿಯವನ ಜತೆ ಜಗಳಕ್ಕೆ ಬರುತ್ತಾನೆ.

ಮಾರಲು ಬಂದವನ ಮುಖ ನೋಡಬೇಕು. 4,999 ಕೊಟ್ಟು ತಂದಿದ್ದಾನೆ, ಅಂಗಡಿಯವನು ಹೇಳುವ ಮೊತ್ತ ಕೇಳಿ ಕಿವಿ ಕೆಂಪಾಗಿದೆ. ಅಂಗಡಿಯವನು ಕೌಂಟರ್ ಕೆಳಗಿನ ಡ್ರಾಯರ್ ಎಳೆದು ತೋರಿಸುತ್ತಾನೆ: ಅದೇ ಆಟದ ಡಿಸ್ಕ್‌ಗಳು ಸಾಲಾಗಿ ನಿಂತಿವೆ. ಫುಟ್‌ಬಾಲ್ ಆಟಗಳ ಕಥೆಯಂತೂ ಕೇಳುವುದೇ ಬೇಡ. ಪ್ರತಿ ಸೆಪ್ಟೆಂಬರ್ ಬಂತೆಂದರೆ ಹೊಸದೊಂದು ಬರುತ್ತದೆ, ಹಳೆಯದು ಕಾಫಿ ಲೋಟ ಇಡುವ ತಟ್ಟೆಯಾಗುತ್ತದೆ. 2023ರಲ್ಲಿ ಫಿಫಾ ಎಂಬ ಹೆಸರೇ ಹೋಗಿ ಇಎ ಸ್ಪೋರ್ಟ್ಸ್ ಎಫ್‌ಸಿ ಆಯಿತು, ಡ್ರಾಯರ್ ಹಾಗೇ ಉಳಿಯಿತು. ಅವೇ ಆಟಗಾರರು, ಬದಲಾದ ಜೆರ್ಸಿ. ಇಷ್ಟಕ್ಕಾಗಿ ವರ್ಷಾ ವರ್ಷ ಕೊಳ್ಳುವವರು ‘ಈ ಸಲ ಪಾಸಿಂಗ್ ಚೆನ್ನಾಗಿದೆ’ ಅನ್ನುತ್ತಾರೆ. ಹೋದ ವರ್ಷವೂ ಅದನ್ನೇ ಅಂದಿದ್ದರು.

ಇನ್ನು ಡಿಸ್ಕ್ ನಮ್ಮ ಕಪಾಟಿನಲ್ಲಿದ್ದರೆ ಆಟ ನಮ್ಮದು ಎಂದು ನಂಬಿದವರು. ಯೂಬಿಸಾಫ್ಟ್‌ನ ‘ದ ಕ್ರ್ಯೂ’ 2014ರಲ್ಲಿ ಬಂದ ಕಾರ್ ರೇಸ್. ಒಬ್ಬನೇ ಓಡಿಸಿದರೂ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು, ಎಲ್ಲ ಡಿಸ್ಕ್‌ಗಳೂ ಅಂದೇ ಲೋಟದ ತಟ್ಟೆಗಳ ಸಾಲಿಗೆ ಸೇರಿದವು. ಸೋನಿಯ ‘ಕಾಂಕಾರ್ಡ್’ ಇನ್ನೂ ಚುರುಕು: 2024ರ ಆಗಸ್ಟ್ 23ಕ್ಕೆ ಬಿಡುಗಡೆ, ಸೆಪ್ಟೆಂಬರ್ 6ಕ್ಕೆ ಬಂದ್. ಹಣವೇನೋ ವಾಪಸ್ ಕೊಟ್ಟರು. ಹದಿನಾಲ್ಕು ದಿನ. ನಮ್ಮಲ್ಲಿ ಹದಿಮೂರಕ್ಕೇ ವೈಕುಂಠ ಸಮಾರಾಧನೆ ಮುಗಿದಿರುತ್ತದೆ.

ಈ ವಿಷಯದಲ್ಲಿ ಕಂಪನಿಗಳ ನೆನಪಿನ ಶಕ್ತಿ ಮೆಚ್ಚುವಂಥದ್ದು. 2013ರಲ್ಲಿ ಮೈಕ್ರೊಸಾಫ್ಟ್, ಎಕ್ಸ್‌ಬಾಕ್ಸ್ ಒನ್‌ನಲ್ಲಿ ಹಳೆ ಆಟಗಳ ಮಾರಾಟಕ್ಕೆ ಕಡಿವಾಣ ಹಾಕುತ್ತೇವೆ, ಯಂತ್ರ 24 ಗಂಟೆಗೊಮ್ಮೆ ನೆಟ್‌ಗೆ ಹಾಜರಿ ಹಾಕಬೇಕು ಅಂತ ಹೇಳಿತು. ಜನ ಬೆಂಕಿಯಾದರು. ಸೋನಿ ಒಂದು ಪುಟ್ಟ ವಿಡಿಯೊ ಬಿಟ್ಟಿತು: ಪಿಎಸ್4ರಲ್ಲಿ ಆಟ ಹಂಚಿಕೊಳ್ಳುವುದು ಹೇಗೆ? ಒಬ್ಬ ಡಬ್ಬ ಕೊಡುತ್ತಾನೆ, ಇನ್ನೊಬ್ಬ ತಗೊಳ್ಳುತ್ತಾನೆ, ಮುಗಿಯಿತು. ಚಪ್ಪಾಳೆಯೋ ಚಪ್ಪಾಳೆ. ಜೂನ್ ಮುಗಿಯುವುದರೊಳಗೆ ಮೈಕ್ರೊಸಾಫ್ಟ್ ಹಿಂದೆ ಸರಿಯಿತು. ಹನ್ನೊಂದು ವರ್ಷದ ಮೇಲೆ ಅದೇ ಸೋನಿ ಪಿಎಸ್5 ಪ್ರೊ ಮಾರಿತು, ಡಿಸ್ಕ್ ಡ್ರೈವ್ ಇಲ್ಲದೆ. ಬೇಕಾದರೆ ಬೇರೆ ಕೊಂಡು ಸಿಕ್ಕಿಸಿಕೊಳ್ಳಿ. ಸಿಕ್ಕಿಸಿದ ಮೇಲೆ ಮೊದಲ ಸಲ ಯಂತ್ರಕ್ಕೆ ಜೋಡಿಯಾಗಲು ಆ ಡ್ರೈವ್‌ಗೂ ಇಂಟರ್‌ನೆಟ್ ಬೇಕು. ಡಿಸ್ಕ್ ಓದುವುದಕ್ಕೂ ನೆಟ್ಟು.

ಇಷ್ಟಿದ್ದೂ ಗಿರಾಕಿಯ ಕಟ್ಟಕಡೆಯ ಪ್ರಶ್ನೆ ಒಂದೇ: ‘ಸೀಲ್ ಪ್ಯಾಕಾ?’ ಅಮೆರಿಕದ ದೊಡ್ಡ ಸರಣಿ ಗೇಮ್‌ಸ್ಟಾಪ್ ಪ್ರದರ್ಶನಕ್ಕೆಂದು ಹೊಸ ಡಬ್ಬ ಬಿಚ್ಚಿ, ಡಿಸ್ಕನ್ನು ಡ್ರಾಯರ್‌ನಲ್ಲಿಟ್ಟು, ಕೊನೆಗೆ ಅದನ್ನೂ ಹೊಸ ಬೆಲೆಗೇ ಮಾರುವುದು ಹಳೇ ಪದ್ಧತಿ. 2011ರಲ್ಲಿ ‘ಡ್ಯೂಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್’ನ ಪಿಸಿ ಡಬ್ಬಗಳಲ್ಲಿ ಪ್ರತಿಸ್ಪರ್ಧಿ ಸೇವೆಯೊಂದರ ಕೂಪನ್ ಇದೆ ಎಂದು ಗೊತ್ತಾಗಿ, ಡಬ್ಬ ಬಿಚ್ಚಿ ಕೂಪನ್ ತೆಗೆಯಲು ಸಿಬ್ಬಂದಿಗೆ ಹೇಳಿತು. ಗಲಾಟೆ ಎದ್ದ ಮೇಲೆ ಗಿರಾಕಿಗಳಿಗೆ ಗಿಫ್ಟ್ ಕಾರ್ಡ್ ಕೊಟ್ಟಿತು. ಎಲ್ಲಿ ಖರ್ಚು ಮಾಡಬೇಕು? ಅಲ್ಲೇ.

ಸೀಲ್‌ಗೂ ಮಿಗಿಲಾದ ಭಕ್ತಿ ಇರುವುದು ಕಲೆಕ್ಟರ್ಸ್ ಎಡಿಷನ್‌ಗೆ. 2022ರ ‘ಗಾಡ್ ಆಫ್ ವಾರ್: ರಾಗ್ನರಾಕ್’ನ ದೊಡ್ಡ ಪೆಟ್ಟಿಗೆಯಲ್ಲಿ ಥಾರ್‌ನ ಸುತ್ತಿಗೆ, ಚಿಕ್ಕ ಗೊಂಬೆಗಳು, ಚಿತ್ರ ಬಿಡಿಸಿದ ಸ್ಟೀಲ್‌ಬುಕ್ ಎಂಬ ಲೋಹದ ಡಬ್ಬ, ಎಲ್ಲ ಇತ್ತು. ಡಿಸ್ಕ್ ಇರಲಿಲ್ಲ, ಬದಲಿಗೆ ಕೋಡ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಇರಬೇಕಲ್ಲ. ಸ್ಟೀಲ್‌ಬುಕ್‌ನಲ್ಲಿ ಏನಿಡುವುದು ಎಂದು ಕೊಂಡವರು ಕೇಳಲಿಲ್ಲ, ಗಾಜಿನ ಕಪಾಟಿನಲ್ಲಿಟ್ಟು ಫೋಟೊ ಹಾಕಿದರು. ಇಂಥ ಖಾಲಿ ಸ್ಟೀಲ್‌ಬುಕ್‌ಗಳಿಗೆ ಈಗ ಪ್ರತ್ಯೇಕ ವ್ಯಾಪಾರವೇ ಇದೆ, ಹಳೇ ಆಟಕ್ಕಿಂತ ಹೆಚ್ಚು ಬೆಲೆಗೆ ಹೋಗುವುದೂ ಉಂಟು.

‘ಒಳಗೆ ಗೇಮ್ ಇದೆಯಾ?’

‘ಇಲ್ಲ ಸರ್. ಅದಕ್ಕೇ ಒಂದು ಗೀರೂ ಇಲ್ಲ ನೋಡಿ.’