ಮೊಮ್ಮಗಳಿಗೆ ನಡುವಿನ ಸೀಟು

ಮೇ ತಿಂಗಳಲ್ಲಿ ಊರಿಗೆ ಹೋಗಲೆಂದು ನನ್ನ ಮಗ ಮುಂಬಯಿಯಿಂದ ಮಂಗಳೂರಿಗೆ ಅಗ್ಗದ ವಿಮಾನ ಟಿಕೆಟು ತೆಗೆದನು. ಸೀಟು ಆರಿಸಲು ಬೇರೆ ಹಣ ಕೇಳಿದ ಪುಟವನ್ನು ಜಾಣತನದಿಂದ ದಾಟಿದನು. ವೆಬ್ ಚೆಕ್‌ಇನ್ ಮಾಡಿದಾಗ ಅವನಿಗೆ 6ನೆಯ ಸಾಲು, ಸೊಸೆಗೆ 22ನೆಯದು, ಮೂರು ವರ್ಷದ ಮೊಮ್ಮಗಳಿಗೆ 17ನೆಯ ಸಾಲಿನ ನಡುವಿನ ಸೀಟು ಬಂದಿತ್ತು. ಪುಣ್ಯಕ್ಕೆ ವಿಮಾನವಾದರೂ ಒಂದೇ ಆಗಿತ್ತು.

ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಅದೇ ಪಿಎನ್‌ಆರ್‌ನಲ್ಲಿರುವ ತಂದೆತಾಯಿಗಳಲ್ಲಿ ಕನಿಷ್ಠ ಒಬ್ಬರ ಜೊತೆ ಕೂರಿಸಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಏಪ್ರಿಲ್‌ನಲ್ಲೇ ಹೇಳಿದೆ. ಆ ಒಬ್ಬರು ಯಾರೆಂಬುದನ್ನು ಮನೆಯವರಿಗೇ ಬಿಟ್ಟಿದ್ದರಿಂದ ನಮ್ಮ ಡೊಂಬಿವಲಿಯ ಮನೆಯಲ್ಲಿ ಒಂದು ಸಂಜೆ ಪೂರ್ತಿ ಅದರ ಚರ್ಚೆಯಾಯಿತು. ಎರಡು ತುಂಬುವ ತನಕ ಮಡಿಲೇ ಸೀಟಾಗಿದ್ದ ಮಗು, ತುಂಬಿದೊಡನೆ ಒಂಟಿ ಪ್ರಯಾಣಿಕಳಾಗಿಬಿಡುತ್ತದೆ.

ಮಾಟುಂಗಾದ ಹೋಟೆಲಿನಲ್ಲಿದ್ದ ನನ್ನ ಸೋದರಮಾವನಿಗೆ ಇಂಥ ಕಷ್ಟವಿರಲಿಲ್ಲ. ಕೊಂಕಣ ರೈಲು ಬಂದ ಮೇಲೆ ಆತ ಮತ್ಸ್ಯಗಂಧದ ಜನರಲ್ ಡಬ್ಬಿಯಲ್ಲೇ ಊರಿಗೆ ಹೋಗುತ್ತಿದ್ದನು. ಕುರ್ಲಾ ಟರ್ಮಿನಸ್ಸಿನಲ್ಲಿ ಗಾಡಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಬೈರಾಸು (ಹೆಗಲ ಟವೆಲು) ಎಸೆಯುತ್ತಿದ್ದನು. ಆ ಬೈರಾಸಿಗೆ ರಿಸರ್ವೇಶನ್ ಚೀಟಿಗಿಂತ ಹೆಚ್ಚು ಮರ್ಯಾದೆಯಿತ್ತು. ಒಮ್ಮೆ ಯಾರೋ ಅದರ ಮೇಲೆಯೇ ಕುಳಿತುಬಿಟ್ಟರು. ಪನ್ವೇಲಿನವರೆಗೆ ಹಿಂದಿಯಲ್ಲಿ ಜಗಳವಾಯಿತು, ಅಲ್ಲಿಂದ ತುಳುವಿನಲ್ಲಿ ಮುಂದುವರಿಯಿತು, ಅಷ್ಟರಲ್ಲಿ ಎದುರಾಳಿ ಅತ್ತೆಯ ಊರಿನವರೆಂದು ಗೊತ್ತಾಗಿ ರತ್ನಾಗಿರಿಯ ಹೊತ್ತಿಗೆ ಇಬ್ಬರೂ ಒಂದೇ ಪೊಟ್ಟಣದಿಂದ ಚಕ್ಕುಲಿ ತಿನ್ನುತ್ತಿದ್ದರು. ಸೀಟನ್ನು ಮಾತ್ರ ಆ ಮಹಾನುಭಾವರು ಕೊನೆಗೂ ಬಿಡಲಿಲ್ಲ. ಬೈರಾಸೂ ಅವರ ಅಡಿಯಲ್ಲೇ ಮಂಗಳೂರು ತಲುಪಿತು. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟೇ ಬೇಡವಾದ ಆ ಡಬ್ಬಿಯಲ್ಲಿ ಮಗು ಯಾರ ತೊಡೆಯ ಮೇಲಾದರೂ ನಿದ್ದೆ ಮಾಡುತ್ತಿತ್ತು, ತಾಯಿಯ ಕಣ್ಣಳತೆಯಲ್ಲಿ.

ವಿಮಾನ ಕಂಪನಿಯ ಸಹಾಯವಾಣಿಯವರು 'ನಿಲ್ದಾಣಕ್ಕೆ ಬೇಗ ಬನ್ನಿ, ನೋಡೋಣ' ಎಂದರು. ನೋಡುವುದೆಂದರೆ, ವಿಮಾನದೊಳಗೆ ತಾಯಿಯೊಬ್ಬಳು ಮಗುವನ್ನೆತ್ತಿಕೊಂಡು ಸಾಲುಸಾಲಾಗಿ ಬೇಡುತ್ತ ಬರುವುದು ಎಂದು ನನಗೆ ಚೆನ್ನಾಗಿ ಗೊತ್ತು. ಕಿಟಕಿಗೆಂದೇ ಹೆಚ್ಚು ಹಣ ತೆತ್ತು ಕುಳಿತಾಗ 'ಅಂಕಲ್, ಸ್ವಲ್ಪ ಆ ಕಡೆ ಹೋಗ್ತೀರಾ' ಎಂಬ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ಸುರಕ್ಷತೆಯ ಕಾರ್ಡನ್ನು ಅಂಥ ಏಕಾಗ್ರತೆಯಿಂದ ನಾನು ಬೇರೆಂದೂ ಓದಿದವನಲ್ಲ. ಹಣ ತೆಗೆದುಕೊಂಡವರು ಮಾಡಬೇಕಾದ ಕೆಲಸಕ್ಕೆ ನನ್ನನ್ನು ದಾನಶೂರನಾಗಿಸುವುದೇಕೆ? ಏಳುತ್ತೇನೆ, ಆದರೆ ಗೊಣಗಿಕೊಂಡೇ.