ತೊಂಬತ್ತೆರಡೂವರೆ ಪಾಲಿನ ಬೆಳ್ಳಿ

ಮಗಳು ಕೊಂಡು ತಂದ ಬೆಳ್ಳಿಯ ಉಂಗುರದ ಒಳಮೈಯಲ್ಲಿ, ಕನ್ನಡಕವಿಲ್ಲದೆ ಓದಲಾಗದಷ್ಟು ಸಣ್ಣದಾಗಿ, 925 ಎಂಬ ಅಂಕಿಯನ್ನು ಒತ್ತಿದ್ದರು. ಅಂಗಡಿಯವರು ಅದನ್ನು ‘ಸ್ಟರ್ಲಿಂಗ್ ಸಿಲ್ವರ್’ ಎಂದು ಹೇಳಿ ಕೊಟ್ಟರಂತೆ. ಸಾವಿರದಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ ಎಂದು ನಾನು ವಿವರಿಸುತ್ತಿದ್ದಾಗ, ಪಕ್ಕದಲ್ಲಿದ್ದ ನನ್ನ ತಾಯಿ, ‘ಹಾಗಾದರೆ ಬೆರಕೆ ಅನ್ನು’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ತೀರ್ಪು ಸರಿಯೇ. ಅಪ್ಪಟ ಬೆಳ್ಳಿ ಬಲು ಮೆದುವಾದ್ದರಿಂದ ದಿನಬಳಕೆಗೆ ತಾಳಬೇಕಾದರೆ ಅದಕ್ಕೆ ಒಂದಿಷ್ಟು ತಾಮ್ರ ಸೇರಲೇಬೇಕು. ಆದರೆ ಇಂಗ್ಲಿಷರು ಒಬ್ಬನ ನಡತೆಯನ್ನು ಕಲಬೆರಕೆಯಿಲ್ಲದ್ದೆಂದು ಹೊಗಳುವಾಗ ಈ ಬೆರಕೆಯ ಹೆಸರನ್ನೇ ಹಿಡಿಯುತ್ತಾರಲ್ಲ ಎಂಬುದು ನನ್ನ ಸೋಜಿಗ. ನಾವಾದರೆ ಅಂಥವರನ್ನು ಅಪರಂಜಿ ಎನ್ನುತ್ತೇವೆ.

ಸ್ಟರ್ಲಿಂಗ್ ಎನ್ನುವುದು ಮೊದಲಿಗೆ ಒಂದು ನಾಣ್ಯದ ಹೆಸರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಅಲ್ಲಿಯ ಬೆಳ್ಳಿ ಪೆನ್ನಿಗೆ ಅಂಟಿಕೊಂಡ ಹೆಸರು. ಅದು ಬಂದದ್ದು ಎಲ್ಲಿಂದ ಎಂಬುದಕ್ಕೆ ಕಥೆಗಳು ಹಲವು. ಕೆಲವು ಪೆನ್ನಿಗಳ ಮೇಲೆ ನಕ್ಷತ್ರವಿದ್ದುದರಿಂದ ಅದು ‘ಪುಟ್ಟ ನಕ್ಷತ್ರ’ ಎಂದು ಒಂದು ಪಕ್ಷ. ಎಡ್ವರ್ಡ್ ದೊರೆಯ ನಾಣ್ಯದ ಮೇಲಿನ ನಾಲ್ಕು ಹಕ್ಕಿಗಳನ್ನು ನಮ್ಮ ಮೈನಾದ ಕುಲಕ್ಕೆ ಸೇರಿದ ಸ್ಟಾರ್ಲಿಂಗ್ ಎಂದು ತಿಳಿದವರದು ಇನ್ನೊಂದು. ಪೂರ್ವದಿಂದ ಬಂದ ಜರ್ಮನ್ ವರ್ತಕರನ್ನು ‘ಈಸ್ಟರ್ಲಿಂಗ್’ ಎನ್ನುತ್ತಿದ್ದರು, ಅವರ ಹಣ ನಂಬಿಕೆಗೆ ಅರ್ಹವಾಗಿತ್ತು, ಅದರಿಂದ ಸ್ಟರ್ಲಿಂಗ್ ಎಂಬುದು ಬಹುಕಾಲ ಮೆರೆದ ವಾದ. ಆದರೆ ಒತ್ತಿ ಉಚ್ಚರಿಸುವ ಮೊದಲ ಅಕ್ಷರವೇ ಸದ್ದಿಲ್ಲದೆ ಉದುರಿಹೋಯಿತೆಂದರೆ ಒಪ್ಪುವುದು ಕಷ್ಟ.

ನಾಣ್ಯಶಾಸ್ತ್ರಜ್ಞ ಫಿಲಿಪ್ ಗ್ರಿಯರ್‌ಸನ್ ಇದರ ಬೇರನ್ನು ‘ಬಲವಾದ, ಸ್ಥಿರವಾದ’ ಎಂಬ ಅರ್ಥದ ಹಳೆಯ ಪದವೊಂದರಲ್ಲಿ ಹುಡುಕಿದರು. ತೂಕವೂ ಚೊಕ್ಕತನವೂ ಹೆಚ್ಚುಕಡಿಮೆಯಾಗದಂತೆ ನಾರ್ಮನ್ನರು ಅಚ್ಚುಹಾಕಿಸಿದ ಪೆನ್ನಿಯನ್ನು ಜನ ‘ಗಟ್ಟಿ’ ಎಂದು ಕರೆದರೆಂದು ಇದರ ಸಾರ. ನನ್ನ ಕನ್ನಡ ಕಿವಿಗೆ ರುಚಿಸುವುದು ಇದೇ. ಬಲವಾದದ್ದನ್ನೂ ‘ಗಟ್ಟಿ’ ಎಂದು, ಅಕ್ಕಸಾಲಿಗರ ಪೆಟ್ಟಿಗೆಯಲ್ಲಿರುವ ಬೆಳ್ಳಿಯ ಉಂಡೆಯನ್ನೂ ‘ಗಟ್ಟಿ’ ಎಂದು ಕರೆಯುವ ನಮಗೆ ಬೇರೆ ಸಾಕ್ಷಿ ಏಕೆ ಬೇಕು? ಭಾಷಾಶಾಸ್ತ್ರಜ್ಞರು ಈ ತರ್ಕವನ್ನು ಕೇಳಿ ನಕ್ಕಾರು, ನಗಲಿ.

ಇಂಥ 240 ಪೆನ್ನಿಗಳ ಬೆಳ್ಳಿ ಒಂದು ಪೌಂಡ್ ತೂಗಬೇಕೆಂಬುದು ಹಳೆಯ ಲೆಕ್ಕ. ಆ ಪೌಂಡು ಈಗಿನ ಸುಮಾರು 350 ಗ್ರಾಮಿಗೆ ಸಮ. ‘ಪೌಂಡ್ ಸ್ಟರ್ಲಿಂಗ್’ ಎಂಬ ಜೋಡಿ ಹೆಸರಿನ ಹಿಂದೆ ಹೀಗೆ ತಕ್ಕಡಿಯೊಂದು ತೂಗುತ್ತಿದೆ. ಆ ಗಟ್ಟಿತನಕ್ಕೆ ಕೈಹಾಕಿದವನು ಎಂಟನೆಯ ಹೆನ್ರಿ. 1544ರಿಂದೀಚೆಗೆ ಅವನ ಟಂಕಸಾಲೆ ನಾಣ್ಯಗಳಿಗೆ ತಾಮ್ರವನ್ನು ಸುರಿದು ಮೇಲೆ ಬೆಳ್ಳಿಯ ತೆಳುಪು ಕೊಟ್ಟಿತು. ಕೈಯಿಂದ ಕೈಗೆ ಸಾಗಿದಂತೆ ಮೊದಲು ಸವೆದದ್ದು ಉಬ್ಬಿಕೊಂಡಿದ್ದ ದೊರೆಯ ಮೂಗು. ಅಲ್ಲಿ ಕೆಂಪು ತಾಮ್ರ ಇಣುಕಿದಾಗ ಪ್ರಜೆಗಳು ಅವನನ್ನು ‘ತಾಮ್ರಮೂಗಿನ ಮುದುಕ’ ಎಂದರು. ಅವನ ಮಗಳು ಎಲಿಜಬೆತ್ 1560ರ ಹೊತ್ತಿಗೆ ಕೆಟ್ಟ ನಾಣ್ಯಗಳನ್ನು ಹಿಂದಕ್ಕೆ ಪಡೆದು ತೊಂಬತ್ತೆರಡೂವರೆಯ ಮಾನವನ್ನು ಮತ್ತೆ ನಿಲ್ಲಿಸಿದಳು.

ಪದಕ್ಕೆ ಒಮ್ಮೆ ಮರ್ಯಾದೆ ಬಂದಮೇಲೆ ಅದು ಮನುಷ್ಯರನ್ನೂ ತೂಗತೊಡಗಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿ ಬಂದ ವಲಸಿಗರು ‘ಸ್ಟರ್ಲಿಂಗ್’ ಎನಿಸಿಕೊಂಡರೆ, ಅಲ್ಲಿಯೇ ಹುಟ್ಟಿದ ಅವರ ಮಕ್ಕಳು ಬರಿಯ ‘ಕರೆನ್ಸಿ’, ಅಂದರೆ ಕಡಿಮೆ ಬೆಲೆಯ ಸ್ಥಳೀಯ ಹಣ, ಎನಿಸಿಕೊಂಡರು.

ನಾವೂ ಈ ಪದದ ನೆರಳಿನಲ್ಲಿ ಬಹುಕಾಲ ಬದುಕಿದವರೇ. 1927ರಲ್ಲಿ ರೂಪಾಯಿಯ ಬೆಲೆಯನ್ನು ಒಂದು ಶಿಲ್ಲಿಂಗ್ ಆರು ಪೆನ್ಸಿಗೆ ಕಟ್ಟಿಹಾಕಿದರು. ಸ್ಟರ್ಲಿಂಗಿನ ಜೊತೆಗಿನ ನಂಟು ಕಡಿದದ್ದು 1975ರಲ್ಲಿ. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ ನಮಗೆ ಕೊಡಬೇಕಿದ್ದ ‘ಸ್ಟರ್ಲಿಂಗ್ ಶಿಲ್ಕು’ ನೂರು ಕೋಟಿ ಪೌಂಡನ್ನು ಮೀರಿತ್ತು. ‘ರೂಪ್ಯ’ ಎಂದರೆ ಬೆಳ್ಳಿ, ಆದ್ದರಿಂದ ‘ಬೆಳ್ಳಿ ರೂಪಾಯಿ’ ಎಂದರೆ ಬೆಳ್ಳಿಯ ಬೆಳ್ಳಿ. ಬ್ರಿಟಿಷ್ ಕಾಲದ ಆ ರೂಪಾಯಿಯಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿಯಿತ್ತು, ಸ್ಟರ್ಲಿಂಗಿಗಿಂತ ಒಂದು ಕೂದಲೆಳೆ ಕಡಿಮೆ. ಇಂಗ್ಲೆಂಡಿನ ಚಲಾವಣೆಯ ನಾಣ್ಯದಲ್ಲಿ 1920ರಲ್ಲಿ, ನಮ್ಮ ರೂಪಾಯಿಯಲ್ಲಿ 1940ರಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. 1947ರಲ್ಲಿ, ಮತ್ತೇನೇನೋ ಕಡಿದುಕೊಂಡ ಆ ವರ್ಷದಲ್ಲೇ, ಎರಡೂ ದೇಶಗಳು ಬೆಳ್ಳಿಯನ್ನು ಕೈಬಿಟ್ಟು ನಿಕ್ಕಲಿನ ಇಲ್ಲವೆ ನಿಕ್ಕಲ್ ಬೆರೆತ ನಾಣ್ಯಗಳನ್ನು ಹೊರಡಿಸಿದವು.

ಹಣದಿಂದ ಜಾರಿದ ಬೆಳ್ಳಿ ಈಗ ಮಗಳ ಬೆರಳಿನಲ್ಲಿದೆ. ತಿಂಗಳಿಗೊಮ್ಮೆ ಅದು ಕಪ್ಪಾಗುತ್ತದೆ. ‘ಬೆರಕೆ’ ಎಂದು ಗೊಣಗುತ್ತಲೇ ನನ್ನ ತಾಯಿ ಅದನ್ನು ಇಸಿದುಕೊಂಡು, ದೇವರ ಮನೆಯ ದೀಪಗಳ ಜೊತೆಗೆ ವಿಭೂತಿ ಹಚ್ಚಿ ಉಜ್ಜಿ ಕೊಡುತ್ತಾರೆ.